ಒಂಬತ್ತು ದನದ ಒಡತಿ

"ಕಾಟಪ್ಪನ ಮನೇರು ಯಾರಿದೀರಿ? ಕಾಟಪ್ಪನ ಮನೇರು!"

ತಳವಾರ ಪಾಪಣ್ಣ ಎರಡನೆಯ ಸಲ ಕೂಗಿದಾಗ ರಂಗಕ್ಕ ಗಂಡನ ಬಲಗಾಲಿಗೆ ಹರಳೆಣ್ಣೆ ಬಟ್ಟೆ ಸುತ್ತುತ್ತಿದ್ದಳು. ಎಡಗಾಲು ಇನ್ನೂ ಉಳಿದಿತ್ತು. ಹಳೆಯ ಬಟ್ಟೆಗೆ ಅಂಗಾಲಿನ ತೊಗಲು ಅಂಟಿಕೊಂಡು ಬರುತ್ತಿದ್ದುದರಿಂದ ಎಳೆ ಎಳೆಯಾಗಿ ಬಿಡಿಸಬೇಕಿತ್ತು. ಬಿಡಿಸುವಾಗ ಕಾಟಪ್ಪ ಚೀರಲಿಲ್ಲ. ಗುಡಿಯ ಜಗಲಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿ, ಕಲ್ಲುಗಳ ಸಂದಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದ. ನಾಲ್ಕು ದಿನಗಳಲ್ಲಿ ಅಲ್ಲೊಂದು ಗುಳಿಯೇ ಬಿದ್ದಿತ್ತು.

"ಕೂಗ್ತಾ ಅವ್ನೆ, ಹೋಗು," ಎಂದ.

"ಕೂಗ್ಲಿ. ಇದೊಂದು ಕಾಲು ಮುಗೀಲಿ."

ಹಟ್ಟಿಯಲ್ಲಿ ಸುಡದೆ ಉಳಿದದ್ದು ಕಲ್ಲಿನ ಗುಡಿ ಒಂದೇ. ಮಿಕ್ಕದ್ದೆಲ್ಲ ಹುಲ್ಲಿನ ಗುಡಿಸಲು, ಸುತ್ತ ಒಣಗಿದ ಕಾರೆಮುಳ್ಳಿನ ಬೇಲಿ. ಶಿವರಾತ್ರಿ ಕಳೆದು ಹದಿನೈದು ದಿನಕ್ಕೆ, ನಡುಮಧ್ಯಾಹ್ನ, ದನ ಮೇಯುವ ಕಾವಲಿನ ಕಡೆಯಿಂದ ಬಂದ ಬೆಂಕಿ ಮೊದಲು ಬೇಲಿಯನ್ನು ಹಿಡಿದು ಹಟ್ಟಿಯನ್ನು ಒಂದು ಸುತ್ತು ಹಾಕಿತ್ತು. ತೋಳ ಒಳಗೆ ಬರದಿರಲಿ ಎಂದು ಕಟ್ಟಿಕೊಂಡ ಬೇಲಿ ಜನ ಹೊರಗೆ ಹೋಗದಂತೆ ಉರಿಯಿತು. ಬೆಂಕಿ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯದು. ಮೊದಲ ದಿನ ಬೈದಾಡಿಕೊಂಡರು. ಈಗ ಬೈಯುವುದಕ್ಕೂ ಯಾರಿಗೂ ತ್ರಾಣವಿರಲಿಲ್ಲ.

ಆ ಹೊತ್ತಿಗೆ ರಂಗಕ್ಕ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹಳ್ಳದಲ್ಲಿ ಒರತೆ ನೀರು ತೋಡುತ್ತಿದ್ದಳು. ಓಡಿ ಬಂದಾಗ ಹೊಗೆಯೊಳಗಿಂದ ಟಣ್ ಟಣ್ ಎಂದು ಸದ್ದು ಕೇಳಿಸಿತು. ಕಾಟಪ್ಪ ಕಬ್ಬಿಣದ ಬಳೆ ಹಾಕಿದ ಕೋಲನ್ನು ಬಂಡೆಗೆ ಕುಟ್ಟುತ್ತ, ಉರಿಯುವ ಮುಳ್ಳಿನ ಮೇಲೆ ಬರಿಗಾಲಿನಲ್ಲಿ ನಡೆದು ಬರುತ್ತಿದ್ದ. ಅವನ ಹಿಂದೆ ಒಂದರ ಬಾಲಕ್ಕೆ ಒಂದು ಮೂತಿಯಿಟ್ಟು, ಗುಡಿಗೆ ಬಿಟ್ಟ ದೇವರ ದನ ಒಂಬತ್ತೂ ಬಂದವು. ಮನೆಯ ಎರಡು ಹಸು, ಒಂದು ಕರು ಗೂಟದಲ್ಲೇ ಉಳಿದಿದ್ದವು. ಅವನ್ನು ಬಿಚ್ಚಲೆಂದು ಅವನು ತಿರುಗಿ ಹೊರಟಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವತ್ತಿನಿಂದ ರಂಗಕ್ಕ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಕೂಸು ಹಾಲಿಗೆ ಅತ್ತಾಗ ಮಾತ್ರ ಒಮ್ಮೊಮ್ಮೆ ಗೂಟವಿದ್ದ ಕಡೆ ನೋಡುತ್ತಿದ್ದಳು.

ಎಡಗಾಲಿಗೂ ಬಟ್ಟೆ ಸುತ್ತಿ, ಎಣ್ಣೆಯ ಕೈಯನ್ನು ತಲೆಗೆ ಒರೆಸಿಕೊಂಡು, ಕೂಸನ್ನು ಸೊಂಟಕ್ಕೇರಿಸಿ ಎದ್ದಳು.

ಅರ್ಧ ಕಪ್ಪಾದ ಹುಣಸೆಮರದ ಕೆಳಗೆ ಹಿರಿಯೂರಿನಿಂದ ಬಂದ ಕಂದಾಯದ ಶೇಕದಾರರು ಕೂತಿದ್ದರು. ಕೂರಲು ಮಂಚ ಎಲ್ಲೂ ಉಳಿದಿರಲಿಲ್ಲವಾದ್ದರಿಂದ ಪಾಪಣ್ಣ ಒಂದು ಒರಳನ್ನು ಬೋರಲು ಹಾಕಿ ಕೊಟ್ಟಿದ್ದ. ಅವರ ರುಮಾಲು ಧೂಳಿನಿಂದ ಕೆಂಪಾಗಿತ್ತು. ಇದು ಅವರಿಗೆ ಐದನೆಯ ಹಟ್ಟಿ. ಸರ್ಕಾರದ ಹುಕುಂ ಬಂದಿತ್ತು: ಬೆಂಕಿ ಬಿದ್ದ ಹಟ್ಟಿಗಳಲ್ಲಿ ಉಳಿದ ದನಗಳಿಗೆ ತಲೆಗೆ ಇಷ್ಟು ಹೊರೆ ಎಂದು ಹುಲ್ಲು, ಮಳೆ ಹಿಡಿಯುವ ತನಕ ಸುಡದೆ ಉಳಿದ ಸರ್ಕಾರದ ಕಾವಲಿನಲ್ಲಿ ಮೇಯಿಸಲು ರಹದಾರಿ ಚೀಟಿ. ಹೊಳಲ್ಕೆರೆ ಕಡೆಯಿಂದ ಹೊರಟ ಹುಲ್ಲಿನ ಗಾಡಿಗಳು ಸಂಜೆಗೆ ತಲುಪುವುದಿತ್ತು. ದನದ ಒಡೆಯರ ಹೆಸರು ಬರೆದು, ಹಟ್ಟಿಯವರ ಎದುರಿಗೆ ಕೂಗಿ ಓದಿ, ಒಪ್ಪಿದವರ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಪಟ್ಟಿ ಇವತ್ತಿಗೇ ಕೊನೆ.

ಮುಂದೆ ನಿಂತಿದ್ದ ಮಲ್ಲಕ್ಕ ಹೆಬ್ಬೆಟ್ಟಿನ ಮಸಿಯನ್ನು ಸೀರೆಗೆ ಒರೆಸಿಕೊಳ್ಳುತ್ತ ಈಚೆ ಬಂದಳು. ಅವಳ ಗಂಡ ಮಾರಿಕಣಿವೆಯ ಅಣೆಕಟ್ಟೆ ಕೆಲಸಕ್ಕೆ ಕಲ್ಲು ಹೊರಲು ಹೋಗಿ ಎರಡು ತಿಂಗಳಾಗಿತ್ತು.

"ಆರು ಬರೆಸ್ದೆ ಕಣೆ, ರಂಗಿ. ಐದು ಎಮ್ಮೆ, ಆರ್ನೇದು ನನ್ ಗಂಡ. ಬಂದ್ರೆ ಅವ್ನಿಗೂ ಏನಾರ ಹಾಕ್ಬೇಕಲ್ಲ."

ಯಾರೋ ನಕ್ಕರು. ಶೇಕದಾರರು ಲೇಖನಿ ಎತ್ತಿದರು. "ಏನಮ್ಮ, ಐದೋ ಆರೋ?"

"ಐದೇ ಬರ್ಕಳ್ರಿ ಸ್ವಾಮಿ. ಅವ್ನು ಹುಲ್ಲು ತಿನ್ನಲ್ಲ, ಬರೀ ಮುದ್ದೆ."

ಅವರಿಗೂ ನಗು ಬಂತು. ಆದರೆ ಅದು ತುಟಿಯ ತನಕ ಬರುವಷ್ಟರಲ್ಲಿ ದಣಿದುಹೋಯಿತು. "ಕಾಟಪ್ಪನ ಮನೆ," ಎಂದರು. "ಎಷ್ಟು ದನ?"

"ನಮ್ವು ಮೂರಿದ್ವು ಸ್ವಾಮಿ. ಮೂರೂ ಸುಟ್ಟೋದ್ವು."

"ಸತ್ತವಕ್ಕೆ ಹುಲ್ಲಿಲ್ಲವಮ್ಮ. ಉಳಿದವು ಹೇಳು."

ರಂಗಕ್ಕ ಗುಡಿಯ ಪಕ್ಕದ ಬಯಲನ್ನು ನೋಡಿದಳು. ಅಲ್ಲಿ ಒಂಬತ್ತು ಬಿಳಿ ದನಗಳು ಕಪ್ಪು ನೆಲದ ಮೇಲೆ ಮೂತಿಯಿಟ್ಟು ನಿಂತಿದ್ದವು. ಮೇಯಲು ಏನೂ ಇಲ್ಲದಿದ್ದರೂ ತಲೆ ತಗ್ಗಿಸುವುದನ್ನು ಬಿಟ್ಟಿರಲಿಲ್ಲ. ಉಸಿರು ಬಿಟ್ಟಾಗ ಬೂದಿ ಎದ್ದು ಅವುಗಳ ಕಣ್ಣಿಗೇ ಬೀಳುತ್ತಿತ್ತು.

"ಅವು?" ಎಂದರು ಶೇಕದಾರರು.

"ಅವು ದೇವ್ರವು."

"ಅಂದರೆ ಒಡೆಯರು ಯಾರು?"

ಹಟ್ಟಿಯ ಹಿರಿಯ ಚಿಕ್ಕತಿಮ್ಮಪ್ಪ ದೊಣ್ಣೆ ಊರಿಕೊಂಡು ಮುಂದೆ ಬಂದ. ಗುಡಿಯ ಪೂಜೆಯೂ ಅವನದೇ. "ದೇವ್ರ ದನಕ್ಕೆ ದೇವ್ರೇ ಒಡೆಯ, ಸ್ವಾಮಿ. ನಾವು ಹೂಡಂಗಿಲ್ಲ, ಮಾರಂಗಿಲ್ಲ, ಹಾಲು ಮನೆಗೆ ಕರ್ಕಳಂಗಿಲ್ಲ. ಸತ್ರೆ ಮಣ್ಣು ಮಾಡ್ತೀವಿ. ಈ ಕಾಟಪ್ಪ ಕಿಲಾರಿ, ಅಂದ್ರೆ ಕಾಯೋನು. ಅವ್ರಪ್ಪ, ಅವ್ರ ತಾತ, ಮುತ್ತಾತ ಎಲ್ಲಾ ಕಿಲಾರಿಗಳೇ. ಕೋಲು ಹಿಡಿಯೋ ದಿನ 'ಇವು ನನ್ನವಲ್ಲ' ಅಂತ ಗುಡಿ ಮುಂದೆ ಮೂರು ಸಲ ಹೇಳಿ ಹಿಡೀತಾರೆ."

"ದೇವರ ಹೆಸರಲ್ಲೇ ಬರೆಯಬಹುದು," ಎಂದು ಶೇಕದಾರರು ಕಾಗದವನ್ನು ತೊಡೆಯ ಮೇಲಿಟ್ಟರು. "ಆದರೆ ಆಗ ಅದು ನನ್ನ ಕೈಯಲ್ಲಿರುವುದಿಲ್ಲ. ದೇವಸ್ಥಾನದ ಬಾಬ್ತು ಆಗುತ್ತೆ. ನಾನು ಅಮಲ್ದಾರರಿಗೆ ಬರೀಬೇಕು, ಅವರು ಚಿತ್ರದುರ್ಗಕ್ಕೆ, ಅಲ್ಲಿಂದ ಬೆಂಗಳೂರಿಗೆ."

"ಜವಾಬು ಯಾವಾಗ ಬರ್ತತೆ?"

"ಬರುತ್ತೆ. ದೀಪಾವಳಿ ಹೊತ್ತಿಗೆ."

ಚಿಕ್ಕತಿಮ್ಮಪ್ಪ ದನಗಳ ಕಡೆ ನೋಡಿದ. ದೀಪಾವಳಿಯ ಮಾತಿರಲಿ, ಅವು ಇನ್ನು ನಾಲ್ಕು ದಿನ ನಿಲ್ಲುವುದೂ ಕಷ್ಟವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಿನ್ನೆಯಿಂದ ಮುದಿ ಎತ್ತು ಮಲಗಿದರೆ ಎದ್ದೇಳಲು ಇಬ್ಬರು ಹಿಡಿಯಬೇಕಾಗಿತ್ತು. ಉಳಿದ ಹಿಡಿಯಷ್ಟು ಸೊಪ್ಪನ್ನು ಹಟ್ಟಿಯವರು ಮೊದಲು ಅವಕ್ಕೇ ಹಾಕಿ, ಆಮೇಲೆ ತಮ್ಮ ಎಮ್ಮೆಗಳಿಗೆ ಹಾಕುತ್ತಿದ್ದರು. ಆ ಸೊಪ್ಪೂ ಈ ಬೆಳಿಗ್ಗೆ ಮುಗಿದಿತ್ತು.

"ನಮ್ಗೆ ಬರೋದ್ರಲ್ಲೇ ಒಂದಿಷ್ಟು ಕೊಟ್ರಾಗಲ್ವಾ?" ಎಂದಳು ಮಲ್ಲಕ್ಕ.

"ಕೊಟ್ಟರೆ ಒಂದು ವಾರಕ್ಕೆ ನಿಮ್ಮವೂ ಇರಲ್ಲ, ಅವೂ ಇರಲ್ಲ," ಎಂದರು ಶೇಕದಾರರು. "ಹುಲ್ಲು ಅಷ್ಟು ಕಮ್ಮಿ ಇದೆ. ಮುಖ್ಯ ಕಾವಲಿನ ಚೀಟಿ. ಪಟ್ಟಿಯಲ್ಲಿಲ್ಲದ ದನ ಒಳಗೆ ಹೋದರೆ ಹಿಡಿದು ದೊಡ್ಡಿಗೆ ಕಟ್ಟುತ್ತಾರೆ." ಸ್ವಲ್ಪ ಹೊತ್ತು ಬಿಟ್ಟು ದನಿ ತಗ್ಗಿಸಿದರು. "ನೋಡಮ್ಮ, ನಾನು ಕೇಳೋದು ಒಂದೇ ಮಾತು. ಇವು ಯಾರವು ಅಂದರೆ 'ನನ್ನವು' ಅನ್ನೋರು ಒಬ್ಬರು ಬೇಕು. ಹೆಸರು ಬರೀತೀನಿ, ಮುಂದಿನ ಹಟ್ಟಿಗೆ ಹೋಗ್ತೀನಿ. ನಿಮ್ಮ ದೇವರ ಲೆಕ್ಕ ನನ್ನ ಕಾಗದದಲ್ಲಿ ಇರಲ್ಲ."

"ನಿಮ್ ಕಾಗದ್ದಾಗಿರಲ್ಲ," ಎಂದ ಚಿಕ್ಕತಿಮ್ಮಪ್ಪ. "ಇಲ್ಲಿ ಇರ್ತತೆ. ಹಂಗಂದೋರ ಮನ್ಯಾಗೆ ಕೋಲು ನಿಲ್ಲಲ್ಲ, ಕಿಲಾರಿತನ ಹೋಗ್ತತೆ. ಹಂಗಂತ ಶಾಸನ."

"ಹಾಗಾದರೆ ನೀನೇ ಅನ್ನಪ್ಪ. ನಿನ್ನ ಮನೆಯಲ್ಲಿ ಕೋಲಿಲ್ಲವಲ್ಲ."

ಮುದುಕ ಬಾಯಿ ತೆರೆದ. ಹಲ್ಲಿಲ್ಲದ ಆ ಬಾಯಿಯಲ್ಲಿ ನಾಲಿಗೆ ಒಮ್ಮೆ ಅಲುಗಾಡಿತು. ಮತ್ತೆ ಮುಚ್ಚಿದ. "ಎಪ್ಪತ್ತು ವರ್ಷದ ನಾಲಿಗೆ, ಸ್ವಾಮಿ," ಎಂದ. "ಆ ಮಾತಿಗೆ ಹೊರಳಲ್ಲ."

ಶೇಕದಾರರು ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನೋಡಿಸಿಕೊಂಡವರು ಒಬ್ಬೊಬ್ಬರೂ ನೆಲ ನೋಡಿದರು.

ರಂಗಕ್ಕ ಕೂಸನ್ನು ಎಡ ಸೊಂಟದಿಂದ ಬಲಕ್ಕೆ ಹಾಕಿಕೊಂಡಳು. ಅವಳ ಕಣ್ಣ ಮುಂದೆ ಬಂದದ್ದು ದೇವರೂ ಅಲ್ಲ, ಕೋಲೂ ಅಲ್ಲ. ಈಗಷ್ಟೇ ಬಟ್ಟೆ ಸುತ್ತಿ ಬಂದ ಆ ಎರಡು ಕಾಲುಗಳು. ಅವುಗಳಲ್ಲಿ ಅವನು ಮತ್ತೆ ನಡೆಯುತ್ತಾನೋ ಇಲ್ಲವೋ, ಯಾರೂ ಹೇಳಿರಲಿಲ್ಲ. ಆ ಕಾಲು ಕೊಟ್ಟು ತಂದ ದನ ಇವು. ಇವು ಈ ಬೂದಿಯಲ್ಲಿ ಒಂದೊಂದಾಗಿ ಮಲಗುವುದನ್ನು ಅವನು ಗುಡಿಯ ಜಗಲಿಯಿಂದ ನೋಡುತ್ತಾನೆ. ಎಷ್ಟು ದಿನವೆಂದು ಗೋಡೆಗೆ ಮುಖ ಮಾಡಿ ಮಲಗಿಯಾನು?

"ಬರ್ಕಳ್ರಿ," ಎಂದಳು.

"ಏನಂತ?"

"ನನ್ನವು ಅಂತ."

ಮಲ್ಲಕ್ಕ ಅವಳ ಮೊಣಕೈ ಹಿಡಿದಳು. "ಲೇ ರಂಗಿ, ಗಂಡನ್ನ ಒಂದ್ ಮಾತು ಕೇಳ್ಬಾರ್ದಾ?"

"ಕೇಳಿದ್ರೆ ಬ್ಯಾಡ ಅಂತಾನೆ. ಅದ್ಕೇ ಕೇಳಲ್ಲ." ಒಲೆಯ ಮುಂದೆ ಬೇಳೆ ಇಲ್ಲ, ಉಪ್ಪಿಲ್ಲ ಎನ್ನುವಾಗ ಇರುವ ದನಿಯೇ ಆಗಿತ್ತು. "ಹಿಡ್ಕ, ಕೂಸನ್ನ ಒಂದು ಗಳಿಗೆ."

ಶೇಕದಾರರು ಬರೆದುಕೊಂಡು ಗಟ್ಟಿಯಾಗಿ ಓದಿದರು: "ಕಾಟಪ್ಪನ ಹೆಂಡತಿ ರಂಗಕ್ಕ. ಒಡೆತನದ ದನ ಒಂಬತ್ತು." ತಲೆಯೆತ್ತಿ ಮುದುಕನನ್ನು ನೋಡಿದರು. "ಹಟ್ಟಿಯವರ ತಕರಾರು ಏನಾದರೂ ಇದೆಯೋ?"

ಮುದುಕ ದೊಣ್ಣೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಇಲ್ಲ," ಎಂದ ಚಿಕ್ಕತಿಮ್ಮಪ್ಪ.

ಅವಳು ಹೆಬ್ಬೆಟ್ಟು ಒತ್ತಿದಳು. ಎಣ್ಣೆ ಹತ್ತಿದ ಬೆರಳಾದ್ದರಿಂದ ಮಸಿ ಸರಿಯಾಗಿ ಮೂಡಲಿಲ್ಲ. ಮಣ್ಣಿಗೆ ಉಜ್ಜಿಕೊಂಡು ಇನ್ನೊಮ್ಮೆ ಒತ್ತಬೇಕಾಯಿತು. ಒತ್ತಿ ಹಿಂದೆ ಸರಿದಾಗ ಮುದುಕ ಅವಳ ಪಕ್ಕಕ್ಕೆ ಬಂದು, ಮಗಳಿಗೆ ಹೇಳುವವನಂತೆ ಮೆಲ್ಲಗೆ ಹೇಳಿದ: "ಹೊತ್ತು ಮುಳುಗೋದ್ರಾಗೆ ಕೋಲು ತಂದು ಕೊಟ್ಬಿಡವ್ವ. ಕೊಡ್ದೆ ಇದ್ರೆ ನಾನು ಬಂದು ಇಸ್ಕಬೇಕಾಗ್ತತೆ. ಅದು ಬ್ಯಾಡ."

"ತರ್ತೀನಿ," ಎಂದಳು.

ಹೊತ್ತು ವಾಲುವಾಗ ಗಾಡಿಗಳು ಬಂದವು. ಹುಲ್ಲಿನ ವಾಸನೆ ಗಾಡಿಗಿಂತ ಮೊದಲು ಬಂತು. ನಾಲ್ಕು ದಿನ ಸುಟ್ಟ ವಾಸನೆಯಲ್ಲೇ ಉಸಿರಾಡಿದ ಜನ ಒಂದು ಕ್ಷಣ ಕೈಕೆಲಸ ಬಿಟ್ಟು ನಿಂತರು. ಪಾಪಣ್ಣ ಪಟ್ಟಿ ನೋಡುವವನಂತೆ ನಟಿಸುತ್ತ, ಬಾಯಿಪಾಠ ಮಾಡಿಕೊಂಡಿದ್ದ ಹೆಸರುಗಳನ್ನು ಕೂಗಿ ಹೊರೆ ಇಳಿಸಿದ. ರಂಗಕ್ಕನ ಹೆಸರು ಬಂದಾಗ ಮಾತ್ರ ಸ್ವಲ್ಪ ತಡೆದು ಕೂಗಿದ.

ಅವಳು ಒಂದೊಂದೇ ಹೊರೆ ಹೊತ್ತು ಗುಡಿಯ ಪಕ್ಕದ ಬಯಲಿಗೆ ಹಾಕಿದಳು. ದನಗಳು ಮೊದಲು ನಂಬದವರಂತೆ ಮೂಸಿದವು. ಆಮೇಲೆ ಒಂಬತ್ತೂ ಒಟ್ಟಿಗೆ ಬಾಯಿ ಹಾಕಿದವು. ಮುದಿ ಎತ್ತಿಗೆ ಅವಳೇ ಹುಲ್ಲನ್ನು ಮುರಿದು ಹಿಡಿಹಿಡಿಯಾಗಿ ಬಾಯಿಗಿಟ್ಟಳು. ಅದರ ನಾಲಿಗೆ ಅವಳ ಕೈಯ ಎಣ್ಣೆಯನ್ನೂ ಮಸಿಯನ್ನೂ ಸೇರಿಸಿ ನೆಕ್ಕಿತು. ಎಣ್ಣೆ ಹೋಯಿತು, ಮಸಿ ಹೋಗಲಿಲ್ಲ.

ಜಗಲಿಗೆ ಬಂದಾಗ ಕಾಟಪ್ಪ ಈ ಕಡೆ ಹೊರಳಿ ಮಲಗಿದ್ದ. ಸದ್ದು ಅವನಿಗೂ ಕೇಳಿಸಿರಬೇಕು. ಹುಲ್ಲು ಅಗಿಯುವ ಸದ್ದು.

"ಯಾರ ಹೆಸ್ರಿಗೆ ಬಂತು?"

"ನನ್ನ ಹೆಸ್ರಿಗೆ."

ಅವನು ಮುಚ್ಚಿದ ಕಣ್ಣು ತೆರೆಯಲಿಲ್ಲ. ಅವಳು ಕೂಸಿಗೆ ರಾಗಿಗಂಜಿಯನ್ನು ಬೆರಳಿನಲ್ಲಿ ನೆಕ್ಕಿಸುತ್ತ ಕಾದಳು. ಬೈದರೆ ಬೈಯಲಿ ಎಂದುಕೊಂಡಿದ್ದಳು. ಗೂಟದಲ್ಲೇ ಸುಟ್ಟ ಮೂರರ ಮಾತನ್ನು ತಾನೂ ಎತ್ತಬಹುದಿತ್ತು. ಅದು ನಾಲಿಗೆಯ ತನಕ ಬಂದಿತ್ತು. ಗಂಜಿ ಕೂಸಿನ ಗಲ್ಲಕ್ಕಿಳಿಯಿತು. ಒರೆಸಿದಳು. ಮಾತು ಅಲ್ಲೇ ಉಳಿಯಿತು.

"ಎಷ್ಟು ಅಂದೆ?" ಎಂದ ಕಾಟಪ್ಪ.

"ಒಂಬತ್ತು."

"ಹತ್ತು ಅನ್ಬೇಕಿತ್ತು. ಕಪ್ಪುಗಣ್ಣಿ ಗಬ್ಬ ಐತೆ. ಹೊಟ್ಯಾಗಿರೋದಕ್ಕೂ ಮೇವು ಬೇಕಲ್ಲ."

ರಂಗಕ್ಕ ಅವನ ಮುಖ ನೋಡಿದಳು. ಅಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯ ಕಡೆ ಹೋಗುತ್ತಿತ್ತು. ಹೊಗೆ ಕುಡಿದ ಕಣ್ಣು. ನಾಲ್ಕು ದಿನದಿಂದ ಹಾಗೇ ಇಳಿಯುತ್ತಿತ್ತು.

ಅವನು ಮಲಗಿದ್ದಲ್ಲಿಂದಲೇ ಕೈ ಚಾಚಿ, ಗೋಡೆಗೆ ಒರಗಿಸಿದ್ದ ಕೋಲನ್ನು ಹಿಡಿದ. ಮೇಲಿನ ತುದಿ ಸುಟ್ಟು ಕರಿಯಾಗಿತ್ತು. ಕರಿಯನ್ನು ಪಂಚೆಯ ಚುಂಗಿನಿಂದ ಒಮ್ಮೆ ಒರೆಸಿದ, ಇನ್ನೊಮ್ಮೆ ಒರೆಸಿದ. ಆಮೇಲೆ ಅದನ್ನು ಅವಳ ಕಡೆ ನೆಲದ ಮೇಲೆ ತಳ್ಳಿದ.

"ಹೊತ್ತು ಮುಳುಗ್ತಾ ಐತೆ," ಎಂದ.

ಮದುವೆಯಾಗಿ ಎಂಟು ವರ್ಷ ಆ ಕೋಲಿನ ಸುತ್ತ ಕಸ ಗುಡಿಸಿದ್ದಳು. ಮುಟ್ಟಿರಲಿಲ್ಲ. ಎತ್ತಿಕೊಂಡಾಗ ಎಣಿಸಿದ್ದಕ್ಕಿಂತ ಭಾರವಾಗಿತ್ತು. ಕೂಸು ಒಂದು ಸೊಂಟದಲ್ಲಿ, ಕೋಲು ಇನ್ನೊಂದು ಕೈಯಲ್ಲಿ. ಜಗಲಿ ಇಳಿಯುವಾಗ ಭಾರಕ್ಕೆ ವಾಲಿ, ಅದನ್ನೇ ಊರಿಕೊಂಡಳು. ಮೆಟ್ಟಿಲ ಕಲ್ಲಿಗೆ ಕೋಲಿನ ಬಳೆ ತಗುಲಿ ಟಣ್ ಎಂದಿತು. ಎರಡು ಹೆಜ್ಜೆ ಇಟ್ಟಳು. ಮತ್ತೆ ಟಣ್ ಎಂದಿತು.

ಹಿಂದೆ ಹುಲ್ಲು ಅಗಿಯುವ ಸದ್ದು ನಿಂತಿತು.

ತಿರುಗಿ ನೋಡಿದಳು. ಒಂಬತ್ತೂ ತಲೆ ಎತ್ತಿದ್ದವು. ಅಷ್ಟು ದಿನದ ಹಸಿವೆಯ ಮೇಲೆ ಬಾಯಿಗೆ ಬಂದ ಹುಲ್ಲನ್ನು ಹಾಗೇ ಬಿಟ್ಟು, ಒಂದರ ಹಿಂದೆ ಒಂದು ಅವಳ ಕಡೆ ಬರತೊಡಗಿದ್ದವು. ಮುದಿ ಎತ್ತು ಕೂಡ ಮುಂಗಾಲು ಮಡಿಸಿ ಏಳಲು ನೋಡುತ್ತಿತ್ತು.

ರಂಗಕ್ಕ ಕೋಲನ್ನು ನೆಲದಿಂದ ಎತ್ತಿ ಹೆಗಲ ಮೇಲಿಟ್ಟುಕೊಂಡಳು. ಅಲುಗದೆ ನಿಂತಳು. ಕೂಸಿನ ಬಾಯಿಗೆ ಬೆರಳಿಟ್ಟು ಅದನ್ನೂ ಸುಮ್ಮನಿರಿಸಿದಳು. ದನಗಳು ಅಲ್ಲಲ್ಲೇ ನಿಂತು ಕಿವಿ ಆಡಿಸಿದವು. ಸ್ವಲ್ಪ ಹೊತ್ತಿನ ಮೇಲೆ ಕಪ್ಪುಗಣ್ಣಿ ಮೊದಲು ತಿರುಗಿತು. ಒಂದೊಂದಾಗಿ ಉಳಿದವೂ ತಿರುಗಿದವು.

ಅಗಿಯುವ ಸದ್ದು ಮತ್ತೆ ಶುರುವಾಗುವ ತನಕ ಕಾದಳು. ಆಮೇಲೆ ಕೋಲಿನ ತುದಿ ಎಲ್ಲೂ ತಾಗದ ಹಾಗೆ, ಬೂದಿಯ ಮೇಲೆ ಮೆಲ್ಲಗೆ ಕಾಲಿಡುತ್ತ, ಚಿಕ್ಕತಿಮ್ಮಪ್ಪ ಇರುವ ಕಡೆಗೆ ನಡೆದಳು.