ಬೆಸೆದ ಹಲ್ಲು

“ಹೊಡಿ. ಹೆದರಿಕೆ ಯಾಕೆ?” ಎಂದು ಅಕ್ಕ ಸುತ್ತಿಗೆಯನ್ನು ತಮ್ಮನ ಕೈಗೆ ತುರುಕಿದಳು.

ಮೇಜಿನ ಮೇಲೆ ಊಟದ ತಟ್ಟೆಯಷ್ಟಗಲದ ಉಕ್ಕಿನ ಗೇರು ಚಕ್ರವಿತ್ತು. ಕಲ್ಲುಗಣಿಯ ಆಳಕ್ಕೆ ಆಳುಗಳನ್ನು ಇಳಿಸುವ ತೊಟ್ಟಿಲಿನ ಯಂತ್ರದ್ದು. ಅದರ ಮುರಿದ ಹಲ್ಲೊಂದನ್ನು ತಮ್ಮ, ಅಕ್ಕ ಇಲ್ಲದ ಹೊತ್ತು ನೋಡಿ, ಬೆಸುಗೆ ಹಾಕಿ, ಅರದಿಂದ ಉಜ್ಜಿ, ಹೊಚ್ಚ ಹೊಸದರಂತೆ ಮಾಡಿಟ್ಟಿದ್ದ. ಬಾಗಿಲಲ್ಲಿ ಗಣಿಯ ಗುತ್ತಿಗೆದಾರ ಕಾಯುತ್ತಿದ್ದ. ಅವನು ಕೈಬಿಟ್ಟರೆ ಅಪ್ಪ ಕಟ್ಟಿದ ಈ ವರ್ಕ್‌ಶಾಪಿಗೆ ಬೀಗವೇ ಗತಿ. ಅದು ಮೂವರಿಗೂ ಗೊತ್ತಿತ್ತು.

ತಮ್ಮ ಹೊಡೆದ. ಹಲ್ಲು ಅಲುಗಲಿಲ್ಲ. ಮೈಯ ಬಲವನ್ನೆಲ್ಲ ಹಾಕಿ ಮತ್ತೊಮ್ಮೆ ಹೊಡೆದ. ಸುತ್ತಿಗೆಯೇ ಜಿಗಿದು ಹಿಂದೆ ಬಂತು.

“ನೋಡಿದ್ಯಾ ತಾಯಿ?” ಗುತ್ತಿಗೆದಾರ ನಕ್ಕ. “ನನ್ನ ಬಾಯಲ್ಲಿರೋದಕ್ಕಿಂತ ಗಟ್ಟಿಯಾಗಿದೆ. ಕೊಡು, ಹೊರಡ್ತೀನಿ.”

ಅಕ್ಕನ ಮುಖ ಬಿಸಿಯಾಯಿತು. ಹಲ್ಲು ಹಾರಿಹೋಗುತ್ತದೆಂದೇ ಅವಳು ನಂಬಿದ್ದಳು.

“ಎರಡು ಏಟು ತಡೀತು ಯಜಮಾನ್ರೆ. ತೊಟ್ಟಿಲು ಒಂದು ಸಲ ಇಳಿದು ಹತ್ತಿದ್ರೆ ಎಷ್ಟು ಏಟು ಬೀಳುತ್ತೆ? ಬೆಸುಗೆ ಬಿಸಿಗೆ ಬುಡದ ಉಕ್ಕು ಪೆಡಸಾಗಿದೆ. ಬಿರುಕು ಇವತ್ತು ಕಾಣಲ್ಲ. ಕಾಣೋ ದಿನ ತೊಟ್ಟಿಲಲ್ಲಿ ಜನ ಇರ್ತಾರೆ. ಹೊಸ ಚಕ್ರ ಕಡೆದು ಕೊಡ್ತೀನಿ, ಅಲ್ಲೀವರೆಗೂ ನಿಲ್ಲಿಸಿ.”

“ಕೂತು ತಿನ್ನೋಕೆ ಗಣಿ ಏನು ನನ್ನ ಮಾವನ ಮನೆಯಾ? ಅನುಮಾನ ನಿನ್ನದು, ಚಕ್ರ ನನ್ನದು.”

“ಕೊಟ್ಬಿಡು ಅಕ್ಕ,” ತಮ್ಮನ ದನಿ ಇಳಿಯಿತು. “ತಡೀತಲ್ಲ. ನನ್ನ ಕೈ ಮೇಲೆ ಇಷ್ಟೂ ನಂಬಿಕೆ ಇಲ್ವಾ?”

“ಇದೆ. ಆ ತೊಟ್ಟಿಲಲ್ಲಿ ನೀನು ಇಳೀತೀಯಾ, ದಿನಾ?”

ತಮ್ಮ ಸುತ್ತಿಗೆಯನ್ನು ಮೇಜಿನ ಮೇಲಿಟ್ಟ.

ಗುತ್ತಿಗೆದಾರ ಒಳಗೆ ಬಂದು ಚಕ್ರಕ್ಕೆ ಕೈ ಚಾಚಿದ. ಅಷ್ಟರಲ್ಲಿ ಅಕ್ಕ ಗ್ಯಾಸ್ ಕಟರ್ ಹೊತ್ತಿಸಿದ್ದಳು. ಭುಸ್ಸೆಂದು ನೀಲಿ ನಾಲಗೆ ಹೊರಟಿತು. ಚಾಚಿದ ಕೈ ಹಿಂದೆ ಸರಿಯಿತು.

“ಅದು ನನ್ನ ಸ್ವತ್ತು. ಮುಟ್ಟಿದ್ರೆ ಈ ಬಾಗಿಲಿಗೆ ಮತ್ತೆ ಬರಲ್ಲ. ಬೇರೆ ಯಾರೂ ಬರದ ಹಾಗೂ ಮಾಡ್ತೀನಿ.”

“ಮಾಡಿ. ಚಕ್ರದ ಬದಲಿಗೆ ಚಕ್ರ ಕೊಡ್ತೀನಿ. ಇದು ಮಾತ್ರ ಇಲ್ಲಿಂದ ಇಡಿಯಾಗಿ ಹೋಗಲ್ಲ.”

ಅವಳು ಬೆಂಕಿಯನ್ನು ಚಕ್ರದ ಅಂಚಿಗೆ ಹಿಡಿದಳು. ಉಕ್ಕು ಕೆಂಪಗಾಗಿ ಬಿಳುಪಿಗೆ ತಿರುಗಿತು. ಬೆಳಕು ಚುಚ್ಚಿ ಕಣ್ಣಲ್ಲಿ ನೀರು ಸುರಿಯಿತು, ಕೈ ಕದಲಲಿಲ್ಲ. ತಮ್ಮ ಹಿಂದಿನಿಂದ ಬಂದು, ಕಪ್ಪು ಕನ್ನಡಕವನ್ನು ಅವಳ ಕಣ್ಣಿಗೇರಿಸಿ, ಅದರ ಪಟ್ಟಿಯನ್ನು ಜಡೆಯ ಮೇಲೆ ಮೆಲ್ಲನೆ ಬಿಗಿದ. ಕಿಡಿಗಳು ಗುತ್ತಿಗೆದಾರನ ಬೂಟಿನವರೆಗೂ ಉರುಳಿ ಹೋಗಿ ಆರಿದವು.