ಒಗೆಯುವ ಕಲ್ಲಿನಡಿಯ ಸಾಲು

ಮೈಕಿನ ಕಂಬವನ್ನು ಒಂದು ಕಟ್ಟಿರುವೆ ಹತ್ತುತ್ತಿದೆ, ಹತ್ತಿ, ನಿಂತು, ಮತ್ತೆ ಹತ್ತಿ — ಮೇಷ್ಟ್ರ ಬೆರಳೂ ಹೀಗೇ, ಮಸಿ ಮೆತ್ತಿದ ತೋರುಬೆರಳು, ಒದ್ದೆ ಕಾಗದದ ಮೇಲೆ ಅಕ್ಷರದಿಂದ ಅಕ್ಷರಕ್ಕೆ, ಅವರು ಹೋಗಿ ಇಂದಿಗೆ ಹನ್ನೆರಡು ದಿನ, ಪಾಂಡವಪುರದ ಈ ಸಭಾಂಗಣದಲ್ಲಿ ಅವರ ಫೋಟೋಗೆ ಸೇವಂತಿಗೆ ಹಾರ, ಕೆಳಗೆ ಪ್ರೊಫೆಸರ್ ಲಾಸ್ಲೋ, ಇತಿಹಾಸಕಾರರು, ಹಂಗೇರಿಯಿಂದ ಬಂದವರು ಎಂದು ಬರೆದಿದೆ, ಗಂಜಾಂನಲ್ಲಿ ನಲವತ್ತು ವರ್ಷ ಬಾಳಿದರೂ ಬಂದವರೇ, ಊರವರ ಹಾಗೆ ಹಕಾರ ನುಂಗಿ ಏಮಶ್ರೀ ಎಂದು ಕರೆಯುತ್ತಿದ್ದವರು, ಈಗ ಆ ಹೇಮಶ್ರೀಯ ಸರದಿ, ಅಂಗೈ ಬೆವರಿಗೆ ಡೈರಿಯ ರಟ್ಟು ಅಂಟುತ್ತಿದೆ, ಅವರ ಕಣ್ಣು ಮಂಜಾದ ಮೇಲೆ ಎರಡು ವರ್ಷ ಅವರು ಹೇಳಿದ್ದನ್ನೆಲ್ಲ ಬರೆದುಕೊಂಡವಳು ಇವಳೇ, ಬರೆಯುವುದಾದರೆ ಪುಟಗಟ್ಟಲೆ, ಮಾತೆಂದರೆ ಹಿಂದಿನ ಸಾಲಿಗೆ ಸರಿಯುವವಳು, ಸಭೆ ನಡೆಸುತ್ತಿರುವ ವಿಜಯೇಂದ್ರ ಸರ್ ಬಾಗಿ ಪಿಸುಗುಟ್ಟುತ್ತಾರೆ, ಎರಡು ಮಾತು ಸಾಕಮ್ಮ, ಒಳ್ಳೇದು ಮಾತ್ರ ಹೇಳು, ಆ ಕಲ್ಲಿನ ವಿಷಯ ಇವತ್ತು ಬೇಡ, ಸತ್ತವರ ತಪ್ಪು ಎತ್ತಬಾರದು — ಆದರೆ ಮೇಷ್ಟ್ರೇ ಹೇಳಿದ್ದರಲ್ಲ, ಏಮಶ್ರೀ, ನನ್ನ ತಪ್ಪನ್ನ ಜನದ ಮುಂದೆ ನೀನೇ ಹೇಳ್ಬೇಕು, ಬರೆದಿಟ್ಟರೆ ಸಾಲದು.

ಕ್ಯಾತನಹಳ್ಳಿ ನಾಲೆಯ ದಡದ ವೀರಗಲ್ಲು, ಕಾಳಗದಲ್ಲಿ ಸತ್ತವನೊಬ್ಬನಿಗೆ ನೆಟ್ಟದ್ದು, ಅದರ ಬುಡಕ್ಕೆ ಬಟ್ಟೆ ಒಗೆಯುವ ಚಪ್ಪಡಿ ಒರಗಿಸಿತ್ತು, ಆಗಷ್ಟೇ ಬಂದಿದ್ದ ಮೇಷ್ಟ್ರು ಚಪ್ಪಡಿ ಸರಿಸಿ ಎಂದು ಹೆಂಗಸರನ್ನು ಕೇಳಲಾರದೆ, ಶಾಸನದ ಮೇಲಿನ ಮೂರು ಸಾಲಿಗಷ್ಟೇ ಕಾಗದ ಹಚ್ಚಿ ಪಡಿಯಚ್ಚು ತೆಗೆದು, ಇವನಿಗಾಗಿ ಅತ್ತವರು ಯಾರೂ ಇದ್ದಂತಿಲ್ಲ ಎಂದು ಪುಸ್ತಕದಲ್ಲಿ ಬರೆದುಬಿಟ್ಟರು, ಕಳೆದ ಬೇಸಿಗೆ ನಾಲೆಯ ನೀರು ನಿಂತಾಗ ಅಂದು ಅಲ್ಲಿ ಒಗೆಯುತ್ತಿದ್ದವರಲ್ಲೊಬ್ಬಳಾದ ಚಿಕ್ಕಬೋರಮ್ಮನೇ ಹಾರೆ ಹಾಕಿ ಚಪ್ಪಡಿ ಎಬ್ಬಿಸಿದಳು, ಆವತ್ತೇ ಕೇಳಿದ್ರೆ ಎತ್ತಾಕ್ತಿರ್ಲಿಲ್ವಾ ಮೇಷ್ಟ್ರೇ, ನಲವತ್ತೊರ್ಸ ಸುಮ್ಕಿದ್ದೀರಲ್ಲ, ನೀನು ಸೀರೆ ಎತ್ತಿ ಕಟ್ಕಂಡು ಒಗೀತಿದ್ದೆ ಕಣವ್ವ, ಎಂಗ್ ಕೇಳದು, ಆಹಾ, ನಾಚ್ಕೆ ನೋಡು ಬಿಳಿ ಗಂಡಿಗೆ, ಎಲ್ಲರೂ ನಕ್ಕರು, ಹೇಮಶ್ರೀ ಮಣ್ಣು ತೊಳೆದಳು, ಕಾಗದ ಹಾಸಿದಳು, ಬ್ರಷ್ಷಿನಿಂದ ಬಡಿದಳು, ಮಸಿ ಒತ್ತಿದಳು, ಕಪ್ಪಿನ ನಡುವೆ ಬೆಳ್ಳಗೆ ನಾಲ್ಕನೆಯ ಸಾಲು, ಅವಳು ಓದಿದಳು, ಇವನ ಹೆಂಡತಿ ಮಾಚವ್ವೆ ಈ ಕಲ್ಲ ನಿಲಿಸಿದಳು, ಕಣ್ಣು ಕಾಣದ ಮೇಷ್ಟ್ರು ಬೆರಳಿಟ್ಟು ತಡವಿದರು, ಅತ್ತೋಳು ಇದ್ದಾಳೆ ಏಮಶ್ರೀ, ನನ್ನ ನಾಚಿಕೆ ಅವಳನ್ನ ಮಣ್ಣಲ್ಲೇ ಬುಟ್ಟಿತ್ತು.

ಮುಂದಿನ ಸಾಲಿನಿಂದ ಚಿಕ್ಕಬೋರಮ್ಮ, ಯಾಕವ್ವ ಇಂಗೆ ಅಂಟ್ಕಂಡ್ ಕೂತಿದ್ದೀಯ, ಓಗು, ನಾನಿಲ್ಲೇ ಇವ್ನಿ — ಕಾಲು ತಾನಾಗಿ ಎದ್ದಿದೆ, ಡೈರಿ ಕುರ್ಚಿಯ ಮೇಲೇ ಉಳಿಯಿತು, ಉಳಿಯಲಿ, ಮೈಕು ತಣ್ಣಗಿದೆ, ಇರುವೆ ತುದಿ ಮುಟ್ಟಿದೆ, ಮೇಷ್ಟ್ರು ಒಂದು ತಪ್ಪು ಮಾಡಿದ್ದರು, ಇದು ಯಾರ ದನಿ, ಇಷ್ಟು ದೊಡ್ಡದು, ಅದನ್ನ ನಾನೇ ಹೇಳಬೇಕು ಅಂದಿದ್ದರು, ಕಲ್ಲು ನಿಲಿಸಿ ಅತ್ತವಳು ಒಬ್ಬಳಿದ್ದಳು, ಅವಳ ಹೆಸರು, ಅವಳ ಹೆಸರು — ಒದ್ದೆ ಕಾಗದ, ಮಸಿ ಮೆತ್ತಿದ ಬೆರಳು, ಮಾಚವ್ವೆ ಎಂಬಲ್ಲಿ ನಿಂತ ಬೆರಳು