ಚಳಿಗೆ ಯಾವ ಆಯಿಲ್

ಕುರಿ ಮೇಯಿಸುವ ಗೊಂಬೊನ ವಾದ ಕೇಳಿದರೆ ಯಾರಾದರೂ ತಲೆದೂಗಬೇಕು. ಚಳಿಗಾಲದಲ್ಲಿ ಮನುಷ್ಯ ಏನು ತಿನ್ನುತ್ತಾನೆ? ಕುರಿಯ ಬಾಲದ ಕೊಬ್ಬು. ಚಹಾಕ್ಕೆ ಏನು ಹಾಕುತ್ತಾನೆ? ಬೆಣ್ಣೆ. ಬೇಸಿಗೆಯಲ್ಲಿ ಮಾತ್ರ ನೀರು ನೀರಾದ, ಹುಳಿ ಬರಿಸಿದ ಕುದುರೆ ಹಾಲು. ಹಾಗಿದ್ದ ಮೇಲೆ ಮೋಟಾರ್ ಬೈಕಿಗೂ ಚಳಿಗೆ ಮಂದವಾದ ಆಯಿಲ್, ಸೆಕೆಗೆ ತೆಳುವಾದದ್ದು. ಇದಕ್ಕೇನು ಶಾಲೆ ಕಲಿಯಬೇಕೇ?

ಶರತ್ಕಾಲದಲ್ಲಿ ಅವನ ಹೆಂಡತಿ ಖೊರ್ಲೋ ಪೇಟೆಯಿಂದ ತೆಳು ಆಯಿಲಿನ ಡಬ್ಬ ತಂದಾಗ ಗುಡಾರದಲ್ಲಿ ದೊಡ್ಡ ರಂಪವೇ ಆಯಿತು. ಅಲ್ಲಿನ ಅಂಗಡಿಯ ಒಯುನ್ ಖೊರ್ಲೋಳ ಅಕ್ಕನ ಮಗಳು. ಅವಳೇ ಆರಿಸಿ ಕೊಟ್ಟಿದ್ದಳು.

"ಒಯುನ್ ಹೇಳಿದ್ದು ಕೇಳಿಸ್ಕೋ ಮುದುಕಾ. ಡಬ್ಬದ ಮೇಲೆ ಎರಡು ನಂಬರ್ ಇರುತ್ತಂತೆ. ಮೊದಲನೇದು ಚಳಿಯ ಲೆಕ್ಕ. ಅದು ಚಿಕ್ಕದಿದ್ದಷ್ಟೂ ಚಳೀಲಿ ಎಂಜಿನ್ ಸಲೀಸಾಗಿ ತಿರುಗುತ್ತೆ. ಎರಡನೇದು ಬಿಸಿಯಾದ ಮೇಲಿಂದು. ನೀನು ಹಾಕೋದು ಇಪ್ಪತ್ತು-ಐವತ್ತು. ಇದು ಐದು-ನಲವತ್ತು."

"ಇಪ್ಪತ್ತನ್ನ ಬಿಟ್ಟು ಐದನ್ನ ಹೊತ್ಕೊಂಡು ಬಂದಿದ್ದೀಯಲ್ಲೇ ಮುದುಕಿ!" ಗೊಂಬೊ ಡಬ್ಬವನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. "ಕುಲುಕುಲು ಅಂತಿದೆ. ಇದೇನು ಆಯಿಲ್ಲೋ ನೀರೋ? ಚಳೀಲಿ ಗಂಜಿ ಕುಡಿದು ಬದುಕು ಅಂದ್ರೆ ನೀನು ಬದುಕ್ತೀಯಾ?"

"ನನ್ನ ಹೊಟ್ಟೇಲಿ ಪಿಸ್ಟನ್ ಇಲ್ಲ ಮಾರಾಯ."

ಡಬ್ಬ ಮಂಚದ ಕೆಳಗೆ ಹೋಯಿತು. ಬೈಕಿಗೆ ಮಂದ ಆಯಿಲ್ಲೇ ಬಿತ್ತು.

ಆಮೇಲೆ ಚಳಿಗಾಲವಿಡೀ ಅವನು ಪಟ್ಟ ಪಾಡು ಆ ದೇವರಿಗೇ ಪ್ರೀತಿ. ದಿನಾ ಬೆಳಗ್ಗೆ ಎಂಜಿನ್ನಿನ ಕೆಳಗೆ ಸಗಣಿ ಕೆಂಡದ ತಟ್ಟೆ ಇಟ್ಟು, ಮೇಲೆ ಉಣ್ಣೆಯ ಕಂಬಳಿ ಹೊದಿಸಿ, ಬಾಣಂತಿಗೆ ಕಾಯಿಸಿದ ಹಾಗೆ ಕಾಯಿಸಬೇಕು. ಹಾಗೆ ಮಾಡದೆ ಕಿಕ್ ಮೇಲೆ ಕಾಲಿಟ್ಟರೆ ಅದು ಅಲ್ಲಾಡುತ್ತಿರಲಿಲ್ಲ. ಒಳಗೆ ಆಯಿಲ್ ಅಷ್ಟು ಬಿಗಿದುಕೊಂಡಿರುತ್ತಿತ್ತು. ಒಮ್ಮೆ ಹೊತ್ತಿದ ಎಂಜಿನ್ನನ್ನು ಮನೆ ಮುಟ್ಟುವ ತನಕ ಆರಿಸುವ ಧೈರ್ಯ ಅವನಿಗಿರಲಿಲ್ಲ. ನೆಂಟರ ಗುಡಾರದಲ್ಲಿ ಅವನು ಚಹಾ ಕುಡಿಯುತ್ತಿದ್ದರೆ ಹೊರಗೆ ಬೈಕ್ ತನ್ನ ಪಾಡಿಗೆ ಗುಡುಗುಡು ಅನ್ನುತ್ತಿರುತ್ತಿತ್ತು. "ಗೊಂಬೊ ಬಂದ್ರೆ ನಮ್ಮ ನಾಯಿಗೆ ಕೆಲಸಾನೇ ಇಲ್ಲ" ಎಂದು ಜನ ನಗುತ್ತಿದ್ದರು. ಅವನು ಜಪ್ಪಯ್ಯ ಅನ್ನಲಿಲ್ಲ. ಸೋತೆ ಅಂದರೆ ಮರ್ಯಾದೆ ಏನಾಗಬೇಕು?

ವಸಂತದ ಮೊದಲಿಗೆ, ಕುರಿಗಳು ಮರಿ ಹಾಕುವ ಹೊತ್ತಿನಲ್ಲಿ, ಗೊಂಬೊನ ಮೊಣಕಾಲು ಊದಿಕೊಂಡಿತು. ಕುದುರೆಗಳು ಬಡಕಲಾಗಿ ದೂರದ ಹುಲ್ಲಿನಲ್ಲಿದ್ದವು. ಹಾಗಾಗಿ ಆ ದಿನ ಖೊರ್ಲೋ ನಡೆದುಕೊಂಡೇ ಕುರಿಗಳ ಹಿಂದೆ ಹೋದಳು. ಮಧ್ಯಾಹ್ನ ಗೊಂಬೊ ಬಾಗಿಲು ತೆರೆದು ನೋಡಿದರೆ ವಾಯವ್ಯದ ಆಕಾಶ ಕೆಸರಿನ ಬಣ್ಣಕ್ಕೆ ತಿರುಗಿತ್ತು.

ಹಿಮಗಾಳಿ ಎದ್ದರೆ ಕುರಿಗಳು ನಿಲ್ಲುವುದಿಲ್ಲ. ಗಾಳಿಗೆ ಬೆನ್ನು ಕೊಟ್ಟು ನಡೆಯುತ್ತಲೇ ಹೋಗುತ್ತವೆ. ಅವುಗಳ ಹಿಂದೆ ಹೋದವರು ದಾರಿ ತಪ್ಪಿ ಹೆಪ್ಪುಗಟ್ಟಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಖೊರ್ಲೋ ಅಂತೂ ಕುರಿ ಬಿಟ್ಟು ಬರುವ ಪೈಕಿಯಲ್ಲ. ಫೋನ್ ಮಾಡೋಣವೆಂದರೆ ಬಯಲಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ಅವನು ಕುಂಟುತ್ತಾ ಬೈಕಿನ ಹತ್ತಿರ ಓಡಿ ಕಿಕ್ ಹೊಡೆದ. ಅದು ಕಲ್ಲಿನ ಹಾಗೆ ನಿಂತಿತ್ತು. ಕೆಂಡ ತಂದಿಟ್ಟರೆ ಗಾಳಿ ಅದನ್ನು ಬಾಚಿಕೊಂಡು ಹೋಯಿತು.

"ಥೂ ನಿನ್ನ!" ಅಂದ. ಬೈದದ್ದು ಬೈಕಿಗೋ ತನಗೋ, ಅವನಿಗೇ ಗೊತ್ತಾಗಲಿಲ್ಲ.

ಮನುಷ್ಯರೇ ತುಳಿಯದ ಹೊಸ್ತಿಲಿನ ಮೇಲೆ ಬೈಕಿನ ಚಕ್ರ ಹತ್ತಿಸಿ ಅದನ್ನು ಗುಡಾರದ ಒಳಗೆ ಎಳೆದ. ಪೆಟ್ರೋಲ್ ತುಂಬಿದ ಬೈಕನ್ನು ಒಲೆಯಿರುವ ಮನೆಗೆ ತರುವುದು ಬುದ್ಧಿ ನೆಟ್ಟಗಿರುವವರು ಮಾಡುವ ಕೆಲಸವಲ್ಲ. ಅವನು ಮಾಡಿದ. ಬಿಸಿನೀರಲ್ಲಿ ಅದ್ದಿದ ಬಟ್ಟೆಗಳನ್ನು ಎಂಜಿನ್ನಿಗೆ ಸುತ್ತುತ್ತಾ ಹೋದ. ಕೊನೆಗೆ ಕಿಕ್ ನಿಧಾನಕ್ಕೆ ಕೆಳಗಿಳಿಯಿತು. ಇನ್ನೊಂದೆರಡು ಸಲ ಹೊಡೆದರೆ ಹೊತ್ತಿಕೊಳ್ಳುತ್ತಿತ್ತು.

ಆಗ ಅವನ ಕಾಲು ತಡೆದು ನಿಂತಿತು. ಹೊರಗೆ ತನ್ನ ಕೈ ತನಗೆ ಕಾಣದಂಥ ಹಿಮ. ಖೊರ್ಲೋಳನ್ನು ಕಣ್ಣಿನಿಂದ ಹುಡುಕುವ ಮಾತೇ ಇಲ್ಲ, ಕಿವಿಯಿಂದಲೇ ಹುಡುಕಬೇಕು. ಕಿವಿ ಕೇಳಬೇಕೆಂದರೆ ಬೈಕಿನ ಗುಡುಗುಡು ಆಗಾಗ ನಿಲ್ಲಬೇಕು. ಈ ಮಂದ ಆಯಿಲ್ ಇಟ್ಟುಕೊಂಡು ಆ ಗಾಳಿಯಲ್ಲಿ ಒಮ್ಮೆ ಆರಿಸಿದರೆ ಮುಗಿಯಿತು, ಇಬ್ಬರೂ ಅಲ್ಲೇ.

ಹೊರಡು ಹೊರಡು ಅನ್ನುತ್ತಿತ್ತು ಜೀವ. ಆದರೂ ಅವನು ಮಂಡಿಯೂರಿ ಕೆಳಗಿನ ಬೋಲ್ಟ್ ಬಿಚ್ಚಿದ. ಕಪ್ಪಗೆ, ಬೆಲ್ಲದ ಪಾಕದ ಹಾಗೆ, ಆಯಿಲ್ ಎಳೆ ಎಳೆಯಾಗಿ ಬೋಗುಣಿಗೆ ಇಳಿಯತೊಡಗಿತು. "ಬೇಗ ಇಳಿಯೋ ದರಿದ್ರವೇ!" ಎಂದು ಅರಚಿದ. ಅದು ಆತುರಪಡಲಿಲ್ಲ. ಚಳಿಗಾಲವಿಡೀ ಎಂಜಿನ್ನಿನ ಹೊಟ್ಟೆಗೆ ತಾನು ಏನು ತುರುಕಿದ್ದೆನೆಂದು ಆಗ ಅವನಿಗೆ ಕಂಡಿತು. ಬೋಲ್ಟ್ ಬಿಗಿದು, ಮಂಚದ ಕೆಳಗಿನ ಡಬ್ಬ ಒಡೆದು ಸುರಿದ. ಅದು ಸರಸರನೆ ಇಳಿಯಿತು.

ಬೈಕನ್ನು ಹೊರಗೆ ತಂದು ಹೊತ್ತಿಸಿ, ಖೊರ್ಲೋ ಮೇಯಿಸಲು ಹೋದ ಕಡೆಯಿಂದ ಗಾಳಿ ಬೀಸುವತ್ತ ಓಡಿಸಿದ. ಒಂದು ತಗ್ಗು ಸಿಕ್ಕಿದಲ್ಲಿ ನಿಲ್ಲಿಸಿ ಕೀಲಿಗೆ ಕೈ ಹಾಕಿದ. ಕಣ್ಣು ಮುಚ್ಚಿ ಆರಿಸಿದ.

"ಖೊರ್ಲೋ! ಏ ಮುದುಕೀ!"

ಗಾಳಿ ಬಿಟ್ಟರೆ ಏನೂ ಇಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತು. ಇನ್ನು ಬೇರೆ ದಾರಿಯಿಲ್ಲ ಎಂದು ಕಿಕ್ ಮೇಲೆ ಕಾಲಿಟ್ಟು ತುಳಿದ. ಹೊತ್ತಿಕೊಂಡುಬಿಟ್ಟಿತು! ಅವನಿಗೆ ಅಳು ಬಂತು. ಮುಂದೆ ಹೋದ, ಆರಿಸಿದ, ಕೂಗಿದ, ತುಳಿದ. ಮತ್ತೆ ಹೋದ, ಮತ್ತೆ ಆರಿಸಿದ.

ಕಪ್ಪು ಬಂಡೆಗಳ ಹತ್ತಿರ ಆರಿಸಿದಾಗ ಗಾಳಿಯ ಅಡಿಯಿಂದ ಸಣ್ಣಗೆ ಒಂದು ರಾಗ ಬಂತು. "ತೊಯ್ಗ್... ತೊಯ್ಗ್... ತೊಯ್ಗ್..." ಮರಿಯನ್ನು ಒಲ್ಲೆ ಅನ್ನುವ ತಾಯಿ ಕುರಿಯನ್ನು ಒಲಿಸಲು ಹೆಂಗಸರು ಹಾಡುವ ಹಾಡು. ಗೊಂಬೊ ಮೊಣಕಾಲು ಮರೆತು ಓಡಿದ.

ಬಂಡೆಯ ಮರೆಯಲ್ಲಿ ಕುರಿಗಳು ಒತ್ತೊತ್ತಾಗಿ ನಿಂತಿದ್ದವು. ನಡುವೆ ಖೊರ್ಲೋ ಕೂತಿದ್ದಳು, ಹುಬ್ಬೆಲ್ಲ ಬೆಳ್ಳಗೆ. ಅವಳ ನಿಲುವಂಗಿಯೊಳಗಿಂದ ಆಗಷ್ಟೇ ಹುಟ್ಟಿದ ಮರಿಯ ಮೂತಿ ಇಣುಕುತ್ತಿತ್ತು. ಬದುಕಿದ್ದಳು! ಅವನು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹುಬ್ಬಿನ ಹಿಮ ಒರೆಸಿದ.

"ಬೈಕ್ ಸದ್ದು ನಿಂತುಹೋಯ್ತಲ್ಲ!" ಖೊರ್ಲೋ ಗಾಬರಿಯಾದಳು. "ಯಾಕೋ ಆರಿಸ್ದೆ? ಇನ್ನು ಅದು ಹೊತ್ತೋದು ಬೇಸಿಗೆಗೇ!"

ಗೊಂಬೊ ಹೋಗಿ ಬೈಕನ್ನು ಬಂಡೆಯ ಮರೆಗೆ ತಳ್ಳಿಕೊಂಡು ಬಂದು ಒಂದೇ ಒಂದು ಕಿಕ್ ಹೊಡೆದ. ಎಂಜಿನ್ ಹೊತ್ತಿಕೊಂಡಿತು. ಖೊರ್ಲೋ ಬೈಕನ್ನು ನೋಡಿದಳು, ಅವನನ್ನು ನೋಡಿದಳು. ಎಲ್ಲವೂ ಅರ್ಥವಾಗಿ, ಬಿರಿದ ತುಟಿ ನೋಯುತ್ತಿದ್ದರೂ ನಗತೊಡಗಿದಳು. ಅವನೂ ನಕ್ಕ. ಸೋತು ಇಷ್ಟು ಹಗುರಾದದ್ದು ಅವನ ಜನ್ಮದಲ್ಲೇ ಇಲ್ಲ.

"ಆರಿಸು ಮಾರಾಯ" ಅಂದಳು ಅವಳು. "ಕುರಿ ಬೆದರ್ತಿದೆ. ಮರಿ ಒಂದು ಗುಟುಕು ಹಾಲು ಕುಡೀಲಿ. ಗಾಳಿ ಇಳಿದ ಮೇಲೆ ಹೋಗೋಣ."

ಗೊಂಬೊ ತಕ್ಷಣ ಕೀಲಿ ತಿರುಗಿಸಿ ಆರಿಸಿದ. ಆಮೇಲೆ ಅವಳ ಪಕ್ಕ ಕೂತು ಅವಳ ಜೊತೆಗೆ ತಾನೂ ಹಾಡಿದ.